ಬಸ್ ನಿಲ್ಲಿಸಿದ ಕಂಡಕ್ಟರ್ ಅಕ್ಕ

ಗದಗದಿಂದ ವಿಜಯಪುರಕ್ಕೆ ಹೊರಟಿದ್ದ ಸರ್ಕಾರಿ ಬಸ್ಸು... ಕಾಲಿಡಲೂ ಜಾಗವಿಲ್ಲ.

ಸುನಂದಾ ಅವರ ಪಕ್ಕದಲ್ಲಿ ಹದಿನೇಳು ವರ್ಷದ ಮಗಳು ನಿವೇದಿತಾ. ಆಕೆಗೆ ಆಟಿಸಂ.

ಎರಡು ತಾಸು ಸುಮ್ಮನಿದ್ದ ಹುಡುಗಿ ಒಮ್ಮೆಲೇ ಚೀರತೊಡಗಿದಳು. ಮುಂದಿನ ಸೀಟಿಗೆ ಹಣೆ ಬಡಿದುಕೊಂಡಳು...

"ಎರಡು ಬಾರಸ್ರಿ, ಸುಮ್ನ ಆಗ್ತಾಳ!" ಹಿಂದಿನಿಂದ ಯಾರೋ ಕೂಗಿದರು.

ನಾಚಿಕೆಯಿಂದ ಕುಗ್ಗಿಹೋದ ಸುನಂದಾ ಕೈ ಎತ್ತಿಯೇಬಿಟ್ಟರು...

ಆ ಕೈ ಹಿಡಿದದ್ದು ಕಂಡಕ್ಟರ್ ಮಹಾದೇವಿ.

"ಆಕಿ ಕಾಲು ನೋಡ್ರಿ, ಎಷ್ಟು ಬಿಗಿ ಹಿಡದಾಳ... ಒಂದಕ್ಕೆ ಬಂದಿರಬೇಕು."

"ಆಗ್ಲೇ ಕೇಳಿದೆನ್ರಿ, ಇಲ್ಲ ಅಂದ್ಲು."

"ಇಂಥಾ ಕೆಲವ್ರಿಗೆ ಮೈ ಹೇಳೂದು ಲಗೂನ ತಿಳಿಯೂದಿಲ್ರಿ ಅಕ್ಕಾರ. ತಿಳಿಯೂದ್ರಾಗ ಸಿಟ್ಟಾಗಿ ಹೊರಗ ಬರ್ತೈತಿ."

ಪೆಟ್ರೋಲ್ ಬಂಕಿನ ಹತ್ತಿರ ಮಹಾದೇವಿ ಸೀಟಿ ಊದಿ ಬಸ್ ನಿಲ್ಲಿಸಿದರು. ಗೊಣಗಿದವರಿಗೆ, "ಐದು ಮಿನಿಟ್ ತಡಾ ಆದ್ರ ಏನೂ ಮುಳುಗಿ ಹೋಗಂಗಿಲ್ಲ" ಎಂದರು.

ಶೌಚಾಲಯಕ್ಕೆ ಹೋಗಿಬಂದ ನಿವೇದಿತಾ ಕಿಟಕಿಗೆ ತಲೆ ಆನಿಸಿ ಶಾಂತವಾದಳು.

ತಾಯಿ-ಮಗಳು ಇಳಿಯುವಾಗ ಮಹಾದೇವಿ ಹೇಳಿದರು, "ಬರೇ ಕೇಳಬ್ಯಾಡ್ರಿ. ಹೊಟ್ಟಿ ಮ್ಯಾಲೆ ಕೈ ಇಟ್ಟು ನೋಡಾಕ ಕಲಸ್ರಿ... ಬಿಗಿ ಐತೋ, ಸಡ್ಲ ಐತೋ."

ಸುನಂದಾ ದಿನಾಲೂ ಕಲಿಸಿದರು. ಹೊಟ್ಟೆ... ಎದೆ... ಅಂಗೈ...

ಎಂಟು ತಿಂಗಳ ಮೇಲೆ ಒಂದು ದಿನ ಮನೆ ತುಂಬ ನೆಂಟರು, ಗದ್ದಲ. ನಿವೇದಿತಾ ತಾನಾಗಿಯೇ ಎದೆ ಮುಟ್ಟಿಕೊಂಡಳು.

"ಅವ್ವಾ, ಎದಿ ಜೋರ್ ಬಡೀತೈತಿ. ಹೊರಗ ಹೋಗ್ತೀನಿ."

ಹತ್ತು ನಿಮಿಷಕ್ಕೆ ತಾನೇ ಒಳಗೆ ಬಂದಳು.

ಸುನಂದಾ ಅಡುಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ಮಗಳು ತನ್ನೊಳಗೆ ಆಗುತ್ತಿರುವುದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು...

ಮರುವಾರ ಶೇಂಗಾ ಹೋಳಿಗೆ ಕಟ್ಟಿಕೊಂಡು, ತಾಯಿ-ಮಗಳು ಮಹಾದೇವಿ ಇದ್ದ ಬಸ್ಸನ್ನೇ ಹುಡುಕಿ ಹತ್ತಿದರು.

"ನಿಮ್ಮ ಉಪಕಾರ ಹೆಂಗ ತೀರಸ್ಲಿ? ಇದೆಲ್ಲಾ ನಿಮಗ ಹೆಂಗ ಗೊತ್ತಾತ್ರಿ?"

ಮಹಾದೇವಿಯವರ ಕಣ್ಣು ತುಂಬಿತು.

"ನನ್ನ ತಮ್ಮನೂ ಹಿಂಗ ರೀ. ಡಾಕ್ಟರ್ ತಿಳಿಸಿ ಹೇಳೂತನಾ ಹಟಮಾರಿ ಅಂತ ಹೊಡದ್ವಿ... ನಾನೂ ಹೊಡದೀನಿ. ಈಗ ಅವಂಗ ಮೂವತ್ತೆಂಟು ವರ್ಷ. ತಲಿ ಬಾಚಾಕ ಕೈ ಎತ್ತಿದ್ರೂ ಮುಖ ಮುಚ್ಕೊಂತಾನ..."

ಸುನಂದಾ ಹೋಳಿಗೆಯ ಗಂಟನ್ನು ಅವರ ಕೈಗಿಟ್ಟರು.

"ನೀವು ಉಪಕಾರ ಅನಬ್ಯಾಡ್ರಿ. ನನ್ನ ಮಾತಿನಿಂದ ಒಂದು ಕೂಸಿಗೆ ಏಟು ತಪ್ಪೇತಿ... ಉಪಕಾರ ನನಗ ಆಗೇತಿ."

ನಿವೇದಿತಾ ಮುಖ ತಿರುಗಿಸಿ ನೋಡಲಿಲ್ಲ. ಆದರೆ ಕಿಟಕಿಯತ್ತ ಸರಿದು, ಪಕ್ಕದ ಜಾಗ ತಟ್ಟಿ ಹೇಳಿದಳು...

"ಕೂಡ್ರಿ."

ಟಿಕೆಟ್ ಮಷಿನ್ ಮಡಿಲಲ್ಲಿಟ್ಟುಕೊಂಡು ಮಹಾದೇವಿ ಕುಳಿತರು.

ಹಟದಂತೆ ಕಾಣುವುದರ ಹಿಂದೆ, ಹೇಳಲು ಬಾರದ ಒಂದು ಸಂಕಟವಿರಬಹುದು.

ನೀವು ಕೊನೆಯ ಸಲ ಯಾರನ್ನು "ಹಟಮಾರಿ" ಎಂದಿರಿ? ಅವರ ಮೈ ಏನು ಹೇಳುತ್ತಿತ್ತು ಎಂದು ಒಮ್ಮೆಯಾದರೂ ನೋಡಿದ್ದಿರಾ...?