ಸುಣ್ಣ ಹಚ್ಚದ ಗೆರೆ

ಪ್ಯಾರಿಬಿಯ ಸುಣ್ಣದ ಕುಂಚ ಗೋಡೆಯ ಮೇಲಿನ ಕೆಸರಿನ ಗೆರೆಗೆ ಇನ್ನೇನು ತಾಗಬೇಕು, ಶಿವಕಾಂತಾ ಒಳಗಿನಿಂದ ಓಡಿಬಂದು ಅಡ್ಡ ನಿಂತಳು.

"ಇದೊಂದು ಗೆರಿ ಬಿಡ್ರಿ ಪ್ಯಾರಿಬಿ. ಮ್ಯಾಲ, ಕೆಳಗ ಎಷ್ಟರೆ ಹಚ್ಚ್ರಿ."

"ಯಾಕ್ರಿ? ಭೀಮಾ ಹೊಳಿ ನಿಮ್ಮ ತವರಿನಿಂದ ಬಂದಿತ್ತೇನ್ರಿ, ಗುರ್ತಿಗೆ ಇಟ್ಕೊಳ್ಳಾಕ?"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಗುರುಶಾಂತಮ್ಮ ಮೊರ ಕೆಳಗಿಟ್ಟಳು. "ದೀವಳಿಗಿ ನಾಕ ದಿನ ಉಳದದ. ಬಂದು ಹೋದ ಪೀಡಾ ಗ್ವಾಡಿ ಮ್ಯಾಲ ಯಾಕ ಇಟ್ಕೋತಿ ಬೇ? ಅಳಸು ಅದನ್ನ."

ಹೋದ ತಿಂಗಳು ಮನೆಯೊಳಗೆ ಎದೆಮಟ್ಟ ನಿಂತು ಹೋದ ನೀರಿನ ಗೆರೆ ಅದು. ನಾಳೆ ಜೇವರ್ಗಿಯಿಂದ ಬಡಿಗ ಬರುವವನಿದ್ದ. ಗೆರೆಗಿಂತ ಮೂರು ಗೇಣು ಮೇಲೆ, ಗೋಡೆಯಲ್ಲಿ ಹಿಂದೆಂದೋ ಕೊರೆದ ತೊಲೆಯ ತೂತುಗಳಿದ್ದವು. ಅಲ್ಲೇ ಅಟ್ಟ ಕೂಡಿಸಿದರೆ ಮುಂದಿನ ಸಲ ಹೊಳೆ ಬಂದಾಗ ಕಾಳಿನ ಚೀಲಗಳನ್ನೂ ಇಬ್ಬರು ಮಕ್ಕಳನ್ನೂ ಅದರ ಮೇಲೆ ಇಡಬಹುದು ಎಂದು ಗಂಡ ಹೆಂಡತಿ ಲೆಕ್ಕ ಹಾಕಿದ್ದರು. ಅಲ್ಲಿದ್ದ ಹಳೆಯ ಅಟ್ಟವನ್ನು ಯಾಕೆ ಕಿತ್ತರೆಂದು ಯಾರೂ ಕೇಳಿರಲಿಲ್ಲ. ಹಿಂದೊಮ್ಮೆ ಊರಿಗೆ ನುಗ್ಗಿದ ದೊಡ್ಡ ಹೊಳೆಯ ಮಾತು ಬಂದರೆ ಗುರುಶಾಂತಮ್ಮ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಶಿವಕಾಂತಾ ಟ್ರಂಕಿನಿಂದ ಪುಸ್ತಕ ತಂದಳು. ಜರ್ಮನಿಯ ರೇಡಿಯೊ ಸ್ಟೇಷನ್ನಿಗೆ ಅವಳು ಕಾರ್ಡು ಬರೆದಿದ್ದಕ್ಕೆ ಬಂದ, ಹಿಂದಿಯಲ್ಲಿದ್ದ ತೆಳ್ಳನೆಯ ಪುಸ್ತಕ. ಅವಳ ಹೆಸರಿಗೇ ಬಂದ ಮೊದಲ ಟಪಾಲು. ಅದರ ತುಂಬ ಹೊಳೆದಂಡೆಯ ಒಂದೇ ಒಂದು ಪುಟ್ಟ ಊರು. ಹೊಳೆ ಮೂರು ದಿಕ್ಕಿಗೆ ಸೊಂಟದ ಡಾಬಿನ ಹಾಗೆ ಸುತ್ತಿಕೊಂಡಿತ್ತು. ಬೆನ್ನಿಗೆ ಗುಡ್ಡ, ಗುಡ್ಡದ ಮೆಟ್ಟಿಲು ಮೆಟ್ಟಿಲಿಗೆ ದ್ರಾಕ್ಷಿ. ಉಪ್ಪಿನ ದೋಣಿಗಳಿಂದ ಸುಂಕ ಎತ್ತಿ ಕೋಟೆ ಕಟ್ಟಿಕೊಂಡ ಊರದು. ಎರಡು ಸಲ ಸುಟ್ಟು ಎರಡು ಸಲವೂ ಎದ್ದು ನಿಂತಿತ್ತು. ಒಂದು ಚಳಿಗಾಲದಲ್ಲಿ ತೇಲಿ ಬಂದ ಮಂಜುಗಡ್ಡೆಗಳು ಸೇತುವೆಯನ್ನೇ ಮುರಿದಿದ್ದವು.

"ಇದು ಊರ ಅಗಸಿ ಬಾಗಲ ನೋಡ್ರಿ ಅತ್ತಿ. ಕಲ್ಲಿನಾಗ ಹನ್ನೊಂದು ಗೆರಿ ಕೊರದಾರ. ಯಾವ ವರ್ಷ ನೀರು ಎಲ್ಲಿತನಾ ಬಂತು ಅಂತ. ಮ್ಯಾಲಿನದು ಇನ್ನೂರು ವರ್ಷದ್ದು."

"ಇನ್ನೂರು ವರ್ಷ ಅವ್ರಿಗೆ ಸುಣ್ಣ ಹಚ್ಚೋರು ಸಿಗಲಿಲ್ಲೇನ್ರಿ ಮತ್ತ?" ಪ್ಯಾರಿಬಿ ನಕ್ಕಳು.

ಗುರುಶಾಂತಮ್ಮ ನಗಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಹೊಳಿನೂ ಮಂದೀನ ಒಯ್ದಿರಬೇಕಲ್ಲ?"

"ಒಯ್ದಿರಬೇಕ್ರಿ."

"ಆದರೂ ಬರದಿಟ್ಟಾರ?"

"ಹೌದ್ರಿ. ದಿನಾ ಅದರ ಮುಂದೇ ಹಾದು ಸಂತಿಗೆ ಹೋಗ್ತಾರ."

"ಗಟ್ಟಿ ಎದಿ ಮಂದಿ ಬೇ," ಎಂದಳು ಮುದುಕಿ. ಪುಸ್ತಕ ಮಡಿಚಿ ಸೊಸೆಯ ಕೈಗಿಟ್ಟು ಎದ್ದಳು. ಗೋಡೆಯ ಬುಡಕ್ಕೆ ಬಳಿಯಲೆಂದು ಕಲಸಿಟ್ಟ ಕೆಮ್ಮಣ್ಣಿನಲ್ಲಿ ಬೆರಳದ್ದಿ ಪ್ಯಾರಿಬಿಯ ನಿಚ್ಚಣಿಕೆ ಏರತೊಡಗಿದಳು.

"ಯಾ ಅಲ್ಲಾ! ಬೀಳ್ತೀರಿ ಗುರುಶಾಂತವ್ವ, ಇಳೀರಿ!" ಪ್ಯಾರಿಬಿ ಕುಂಚ ಬಿಸಾಕಿ ನಿಚ್ಚಣಿಕೆ ಹಿಡಿದುಕೊಂಡಳು. ಮುದುಕಿ ಕೆಸರಿನ ಗೆರೆ ದಾಟಿದಳು. ತೊಲೆಯ ತೂತುಗಳನ್ನೂ ದಾಟಿದಳು. ಮೇಲಿನ ಮಣ್ಣಿನ ಮಾಳಿಗೆಗೆ ಒಂದು ಮೊಳ ಉಳಿದಿತ್ತು ಎನ್ನುವಲ್ಲಿ ಗೋಡೆಗೆ ಬೆರಳೂರಿ ಅಡ್ಡಕ್ಕೆ ಎಳೆದಳು.

"ದೊಡ್ಡ ಹೊಳಿ ಇಲ್ಲಿತನಾ ಬಂದಿತ್ತು. ಅಟ್ಟದ ಮ್ಯಾಲ ನೀರು ಬರಂಗಿಲ್ಲ ಅಂತ ತಿಳ್ಕೊಂಡು ಕೂಸಿನ್ನ ಅಲ್ಲೇ ಕೂಡ್ರಿಸಿದ್ದೆ. ನಾ ಮಾಳಗಿ ಬೆಳಕಿಂಡ್ಯಾಗ ಹಾದು ಮ್ಯಾಲ ಏರಿ, ಎತ್ಕೋಬೇಕಂತ ತಿರುಗಿ ಕೈ ಚಾಚೋದ್ರಾಗ..." ಮುದುಕಿ ಒಂದೊಂದೇ ಮೆಟ್ಟಿಲು ಇಳಿದಳು. "ಬಡಿಗಗ ಅಟ್ಟ ಬ್ಯಾಡ ಅನ್ನು. ಬೆಳಕಿಂಡಿತನಾ ಗಟ್ಟಿ ನಿಚ್ಚಣಿಕಿ ಮಾಡಿ ಬುಡ ಹೂಳಲಿ."

ಶಿವಕಾಂತಾ ಕೆಮ್ಮಣ್ಣಿನ ಬಟ್ಟಲು ಕೈಗೆತ್ತಿಕೊಂಡಳು. "ಯಾವ ವರ್ಷರಿ ಅತ್ತಿ?"

"ವರ್ಷ ಯಾರಿಗೆ ಗೊತ್ತು. ಕಸ್ತೂರಿಗೆ ಎರಡು ಹಲ್ಲು ಬಂದಿದ್ವು."

ಹನ್ನೊಂದು ವರ್ಷ ಸಂಸಾರ ಮಾಡಿದ ಆ ಮನೆಯಲ್ಲಿ ಶಿವಕಾಂತಾ ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಕೆಮ್ಮಣ್ಣಿನ ಬಟ್ಟಲು ಹಿಡಿದು ಏರಿದಳು. ಗೆರೆಯ ಪಕ್ಕ, ಪುಸ್ತಕದ ಆ ಊರವರು ವರ್ಷ ಕೊರೆಯುವ ಜಾಗದಲ್ಲಿ, ದುಂಡಗೆ ಹೆಸರು ಬರೆದಳು.

"ಏನ ಬರದಿ?" ಅತ್ತೆ ಕೆಳಗಿನಿಂದ ಕೇಳಿದಳು.

"ಕಸ್ತೂರಿ ಅಂತ ಬರದೇನ್ರಿ."

ಸೊಸೆ ಇಳಿದ ಮೇಲೆ ಗುರುಶಾಂತಮ್ಮ ಮತ್ತೆ ಏರಿದಳು. ಈ ಸಲ ಯಾರೂ ಬೇಡವೆನ್ನಲಿಲ್ಲ. ಓದು ಬಾರದ ಅವಳು ಹಸಿ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು, ಹಲ್ಲು ಮೂಡಿದೆಯೇ ಎಂದು ಕೂಸಿನ ಒಸಡು ಮುಟ್ಟಿ ನೋಡುವ ಹಾಗೆ.