ಬಾರದ ಅತಿಥಿಯ ತಟ್ಟೆ

ಮುದುಕ ಒಳಗೆ ಬರುವಾಗ ತಲೆ ತಗ್ಗಿಸಿದ. ಅಷ್ಟಕ್ಕೇ ಗ್ರಾಜಿನಾಳ ಎದೆ ಧಸಕ್ಕೆಂದಿತು.

ಹಜಾರದಿಂದ ಊಟದ ಕೋಣೆಗೆ ಬರುವ ಬಾಗಿಲು ತೀರ ತಗ್ಗು. ನಿನ್ನೆ ಬಂದಿಳಿದಾಗಿನಿಂದ ಅವಳ ಗಂಡ ಲೆಷೆಕ್ ಅದಕ್ಕೆ ಹಣೆ ಬಡಿಸಿಕೊಳ್ಳುತ್ತಲೇ ಇದ್ದಾನೆ. ಈ ಅಪರಿಚಿತ ಮಾತ್ರ ಮಾತಾಡುತ್ತ ಮಾತಾಡುತ್ತಲೇ, ಮೇಲೆ ನೋಡದೆ, ಬೇಕಾದಷ್ಟೇ ಬಗ್ಗಿ ಬಂದಿದ್ದ.

ಕ್ರಿಸ್‌ಮಸ್ಸಿಗೆ ಕ್ರಾಕೋವ್ ನಗರ ನೋಡಬೇಕೆಂಬುದು ಗ್ರಾಜಿನಾಳ ಬಹುಕಾಲದ ಆಸೆ. ಊರಲ್ಲಿ ಪ್ರತಿ ಹಬ್ಬಕ್ಕೂ ನೆಂಟರ ದಂಡಿಗೆ ಬೇಯಿಸಿ ಹಾಕಿ ಸಾಕಾಗಿತ್ತು. ಈ ಸಲ ಹಟ ಹಿಡಿದು ಗಂಡ, ಅತ್ತೆ, ಮಗಳನ್ನು ಹೊರಡಿಸಿಕೊಂಡು ಬಂದು, ಹಳೇ ಪೇಟೆಯ ಮೂರನೇ ಮಹಡಿಯ ಈ ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದಳು. ಒಡತಿ ವಾಂಡಾ ಎಂಬಾಕೆ. ಮುಖ ನೋಡಿದ್ದಿಲ್ಲ, ಎಲ್ಲ ಫೋನಿನ ಸಂದೇಶದಲ್ಲೇ. ಬೀಗದ ಕೈ ಕೆಳಗಿನ ಅಂಗಡಿಯಲ್ಲಿ ಸಿಕ್ಕಿತ್ತು. ಆಕೆ ಹಾಕಿದ್ದ ಷರತ್ತು ಒಂದೇ: ಹಬ್ಬದ ಸಂಜೆಯ ಊಟ ಮನೆಯಲ್ಲೇ ಆಗಬೇಕು, ಹೋಟೆಲಿಗೆ ಹೋಗುವವರಿಗೆ ಮನೆ ಇಲ್ಲ. ದೊಡ್ಡ ಊರಿನವರ ತಿಕ್ಕಲು ಎಂದುಕೊಂಡು ಗ್ರಾಜಿನಾ ಒಪ್ಪಿದ್ದಳು. ಹಾಗಾಗಿ ಇಲ್ಲಿಗೆ ಬಂದರೂ ಒಲೆ ತಪ್ಪಲಿಲ್ಲ.

ಊಟಕ್ಕೆ ಕೂರಲು ಕಾಣಲೇಬೇಕಾದ ಮೊದಲ ನಕ್ಷತ್ರ ಕಂಡಿತೆಂದು ಮಗಳು ಕಿಂಗಾ ಕಿಟಕಿಯಿಂದ ಕೂಗಿದ್ದೇ ತಡ, ಯಾರೋ ಬಾಗಿಲು ತಟ್ಟಿದ್ದರು.

"ಸ್ಟೇಷನ್ ಹತ್ರ ಲಾಡ್ಜಲ್ಲಿ ಇಳ್ಕೊಂಡಿದೀನಿ, ತಾಯಿ. ಇವತ್ತು ಊರಲ್ಲಿ ಒಂದು ಹೋಟ್ಲೂ ತೆಗೆದಿಲ್ಲ. ನಿಮ್ಮಲ್ಲಿ ತಟ್ಟೆ ಖಾಲಿ ಇದೆಯಾ?"

ಇಲ್ಲ ಎನ್ನುವ ಹಾಗಿಲ್ಲ. ಈ ಸಂಜೆ ಪ್ರತಿ ಮನೆಯ ಮೇಜಿನ ಮೇಲೂ ಹೇಳದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟಿರುತ್ತಾರೆ. ಗ್ರಾಜಿನಾ ಬುದ್ಧಿ ಬಂದಾಗಿನಿಂದ ಇಡುತ್ತ ಬಂದಿದ್ದಾಳೆ. ಒಬ್ಬರೂ ಬಂದಿರಲಿಲ್ಲ. ಬರಲಿ ಎಂದು ಯಾರು ತಾನೆ ಇಡುತ್ತಾರೆ?

"ಬನ್ನಿ ಯಜಮಾನ್ರೇ, ಬನ್ನಿ!" ಅತ್ತೆ ಗೆನೊವೆಫಾ ಕುರ್ಚಿ ಎಳೆದರು. "ಹುಟ್ಟಿದಾಗಿಂದ ಕಾಯ್ತಾ ಇದೀನಿ. ಬರೋಕೆ ಇಷ್ಟು ಹೊತ್ತಾ?"

ಮುದುಕ ನಕ್ಕು, ತನ್ನ ಹೆಸರು ಅಲೋಯ್ಜಿ ಎಂದ. ಕೋಟನ್ನು ಬಾಗಿಲ ಹಿಂದಿನ ಗೂಟಕ್ಕೆ ಹಾಕಿದ. ಅಲ್ಲೊಂದು ಗೂಟವಿದೆಯೆಂಬುದು ಗ್ರಾಜಿನಾಳಿಗೇ ಗೊತ್ತಿರಲಿಲ್ಲ.

ಅವಳು ಗಂಡನನ್ನು ಅಡುಗೆಮನೆಗೆ ಎಳೆದೊಯ್ದಳು. "ಕೆಳಗಿನ ಗೇಟಿಗೆ ನಂಬರ್ ಒತ್ತದೆ ಯಾರೂ ಮೇಲೆ ಬರೋಕಾಗಲ್ಲ. ಇವನು ಹೇಗೆ ಬಂದ?"

"ಯಾರೋ ತೆಗೆದಿರ್ತಾರೆ ಬಿಡೆ. ಹಬ್ಬದ ದಿನ ಪೊಲೀಸ್ ಕೆಲಸ ಶುರು ಮಾಡ್ಬೇಡ."

ಊಟಕ್ಕೆ ಮೊದಲು ಒಬ್ಬೊಬ್ಬರೂ ಇನ್ನೊಬ್ಬರ ಕೈಯ ತೆಳು ಬಿಲ್ಲೆರೊಟ್ಟಿ ಮುರಿದು ತಿಂದು ಹಾರೈಸಬೇಕು. ಗ್ರಾಜಿನಾ ಕೊನೆಗೆ ಮುದುಕನ ಕಡೆಗೂ ತನ್ನ ರೊಟ್ಟಿ ಚಾಚಿದಳು.

"ನಿಮಗೇನಂತ ಹಾರೈಸಲಿ?" ಎಂದಳು ಬಿಗುವಾಗಿ.

"ಬರೋ ವರ್ಷಾನೂ ಈ ಮೇಜಿಗೆ ಬರೋ ಹಾಗಾಗಲಿ ಅನ್ನಿ, ಸಾಕು."

ಎಲಾ ಇವನ! ಬೀಟ್‌ರೂಟ್ ಸಾರನ್ನು ಅವಳು ಎಲ್ಲರಿಗೂ ಬಡಿಸಿದಳು. ಮುದುಕ ಒಂದು ಚಮಚ ಕುಡಿದು ಕಣ್ಣು ಮುಚ್ಚಿಕೊಂಡ.

"ತಾತ, ನಿಮ್ಮನೇಲಿ ಯಾರೂ ಇಲ್ವಾ?" ಎಂದಳು ಕಿಂಗಾ.

"ಇದಾರಲ್ಲ ಪುಟ್ಟಿ. ಇವತ್ತು ಮನೆ ತುಂಬಾ ಜನ."

ಮನೆ ತುಂಬ ಜನರಿರುವವನು ಹಬ್ಬದ ದಿನ ಕಂಡವರ ಬಾಗಿಲಿಗೆ ಬರುತ್ತಾನೆಯೇ? ಗ್ರಾಜಿನಾ ಗಂಡನ ಕಾಲು ತುಳಿದಳು. ಅವನು ಇನ್ನಷ್ಟು ಸಾರು ಹಾಕಿಸಿಕೊಂಡ.

ಮುದುಕ ಕೈ ತೊಳೆದು ಬರುತ್ತೇನೆಂದು ಎದ್ದ. ಬಚ್ಚಲಿನ ದೀಪದ ಸ್ವಿಚ್ಚು ಹಜಾರದಲ್ಲಿ, ಬೀರುವಿನ ಸಂದಿಯಲ್ಲಿದೆ. ನಿನ್ನೆ ಅದನ್ನು ಹುಡುಕಲು ಮನೆಮಂದಿಯೆಲ್ಲ ತಡಕಾಡಿದ್ದರು. ಈಗ ಟಕ್ಕೆಂದು ದೀಪ ಹೊತ್ತಿತು. ಗ್ರಾಜಿನಾ ಸದ್ದಿಲ್ಲದೆ ಎದ್ದುಹೋಗಿ ಇಣುಕಿದಳು. ವಾಪಸು ಬರುವಾಗ ಮುದುಕ ಆ ಬೀರುವಿನೆದುರು ನಿಂತ. ಅದಕ್ಕೆ ಬೀಗವಿತ್ತು. ಒಳಗೆ ತನ್ನ ಸ್ವಂತ ಸಾಮಾನಿದೆ, ಮುಟ್ಟಬೇಡಿ ಎಂದು ವಾಂಡಾ ಮೊದಲೇ ತಿಳಿಸಿದ್ದಳು. ಮುದುಕ ಅದರ ಬಾಗಿಲ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಇದ್ದ.

ಇನ್ನು ಅನುಮಾನವೇ ಉಳಿಯಲಿಲ್ಲ. ಮನೆಯ ಸಂದುಗೊಂದು ತಿಳಿದುಕೊಂಡು ಬಂದ ಕಳ್ಳ. ಇವತ್ತು ಬಂದವರ ಮುಖಕ್ಕೆ ಯಾರೂ ಬಾಗಿಲು ಹಾಕುವುದಿಲ್ಲವೆಂದು ಗೊತ್ತಿರುವ ಕಳ್ಳ. ಬೀರು ಬರಿದಾದರೆ ಪರವೂರಿನಿಂದ ಬಂದ ತಮ್ಮ ತಲೆಗೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಗಳು ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾಳೆ. ಗ್ರಾಜಿನಾಳಿಗೆ ನಿಜವಾಗಿ ಭಯವಾಯಿತು.

ಮುದುಕ ಮತ್ತೆ ಮೇಜಿಗೆ ಬಂದು ಕೂತ ಮೇಲೆ, ಮೀನು ತರುವ ನೆವದಲ್ಲಿ ಅಡುಗೆಮನೆಗೆ ಹೋಗಿ ವಾಂಡಾಳಿಗೆ ಫೋನು ಮಾಡಿದಳು.

ಊಟದ ಕೋಣೆಯ ಬಾಗಿಲ ಹಿಂದೆ, ಮುದುಕನ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಗ್ರಾಜಿನಾ ಫೋನಿಟ್ಟಳು, ಅದೂ ನಿಂತಿತು. ಮತ್ತೆ ಮಾಡಿದಳು, ಅದೂ ಮತ್ತೆ ಶುರುವಾಯಿತು. ಮೀನು ಹೆಚ್ಚಿದ್ದ ಚಾಕು ಹಿಡಿದೇ ಹೊರಗೆ ಬಂದಳು.

"ವಾಂಡಾ ಎಲ್ಲಿ? ಏನ್ ಮಾಡ್ದೆ ಅವಳನ್ನ?"

ಕಿಂಗಾ ಅಜ್ಜಿಯನ್ನು ತಬ್ಬಿಕೊಂಡಳು. ಲೆಷೆಕ್ ಬಾಯಿಗೆ ಒಯ್ದ ಚಮಚ ಅಲ್ಲೇ ನಿಂತಿತು. ಮುದುಕ ಚಾಕುವನ್ನಲ್ಲ, ಅವಳ ಮುಖವನ್ನು ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ತಲೆ ಬಗ್ಗಿಸಿದ.

"ಕಾಯಿಲೆ ಬಂದು ತೀರ್ಕೊಂಡ್ಲು, ತಾಯಿ. ನಾಲ್ಕು ವರ್ಷ ಆಯ್ತು. ಆ ಫೋನ್ ಅವಳದು. ನಿಮಗೆ ಉತ್ತರ ಬರೀತಿದ್ದೋನು ನಾನು, ಅವಳ ಗಂಡ."

ಚಾಕು ಕೆಳಗಿಳಿಯಿತು. "ಮತ್ತೆ... ನಿಮ್ಮನೇಗೆ ನೀವೇ ಹೀಗ್ಯಾಕೆ ಬಂದ್ರಿ?"

"ಅವಳು ಹೋದ್ಮೇಲೆ ಎರಡು ಹಬ್ಬ ಇದೇ ಮೇಜಿನ ಮುಂದೆ ಒಬ್ಬನೇ ಕೂತು, ಎದುರಿಗೆ ಅತಿಥಿಯ ತಟ್ಟೆ ಇಟ್ಕೊಂಡು ಕಾದೆ, ಯಾರೂ ಬರಲಿಲ್ಲ. ಅದಕ್ಕೇ ಮನೇನ ನಿಮ್ಮಂಥೋರಿಗೆ ಬಿಟ್ಟುಕೊಟ್ಟು, ಆ ತಟ್ಟೆಗೆ ನಾನೇ ಬರೋಕೆ ಶುರು ಮಾಡಿದೆ."