ಕೋವಿಗೆ ಜ್ವರ

ತಿಂಗಳ ತಪಾಸಣೆಗೆಂದು ಬೆಳ್ಯಪ್ಪ ತನ್ನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ತಂದ. ಸಿಸ್ಟರ್ ಲಿಲ್ಲಿ ಅದರ ನಳಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದರು.

"ನೂರಾ ಮೂರು. ನಿಮಗೆ ಯಾರ ಮೇಲಾದ್ರೂ ಸಿಟ್ಟಿದೆಯಾ?"

"ಇಲ್ಲ ಸಿಸ್ಟರ್."

"ನಿಮಗೆ ಸಿಟ್ಟಿಲ್ಲದೆ ಇದಕ್ಕೆ ಜ್ವರ ಬರಲ್ಲ."

ಬೆಳ್ಯಪ್ಪ ನೆಲ ನೋಡಿದ. "ತಮ್ಮ ನನ್ನ ತೋಟದೊಳಗೆ ಎರಡಡಿ ಬೇಲಿ ಸರಿಸಿದ್ದಾನೆ."

"ಜ್ವರ ಇಳಿಯೋವರೆಗೆ ಇದು ವಾರ್ಡಲ್ಲೇ ಇರಲಿ. ಜೊತೆಗೆ ನೀವೂ ಇರಬೇಕು."

ವಾರ್ಡಿನಲ್ಲಿ ಒಂದೇ ಹಾಸಿಗೆ ಖಾಲಿಯಿತ್ತು. ಬೆಳ್ಯಪ್ಪ ಕೋವಿಯನ್ನು ಮಲಗಿಸಿ, ಹೊದಿಕೆ ಹೊದಿಸಿ, ಕೂರಲು ಬೆಂಚಿನತ್ತ ತಿರುಗಿದ. ಅಲ್ಲಿ ಆಗಲೇ ತಮ್ಮ ಕೂತಿದ್ದ. ಪಕ್ಕದ ಹಾಸಿಗೆಯಲ್ಲಿದ್ದ ತನ್ನ ಕೋವಿಗೆ ಒದ್ದೆಬಟ್ಟೆ ಹಾಕುತ್ತಿದ್ದ.

ಬೆಳ್ಯಪ್ಪ ಆ ಕೋವಿಯತ್ತ ಬಾಗಿ ಕೇಳಿದ, "ನಿಂದಕ್ಕೆ ಎಷ್ಟಿದೆ?"

"ನೂರಾ ನಾಲ್ಕು, ಅಣ್ಣ," ಎಂದ ತಮ್ಮ, ಬೆಂಚಿನ ಮೇಲೆ ಎರಡಡಿ ಸರಿದು ಅಣ್ಣನಿಗೆ ಜಾಗ ಬಿಟ್ಟ.